‘ವಿಮುಕ್ತ’ ಎಂಬ ಶಬ್ದ ಮತ್ತು ಅದರ ಇತಿಹಾಸ

ಶಬ್ದಗಳಿಗೂ ಮನುಷ್ಯರಿಗಿದ್ದಂತೆ ಹುಟ್ಟಿದ ಸ್ಥಳ, ಬೆಳೆದ ಕಾಲ ಎಂಬವು ಉಂಟು. ಕೆಲವು ಶಬ್ದಗಳು ಕವಿಗಳಲ್ಲಿ ಹುಟ್ಟಿ ಜನರ ಬಾಯಿಗೆ ಬರುವವು. ಕೆಲವು ಜನರಲ್ಲಿ ಹುಟ್ಟಿ ಕವಿಗಳ ಲೇಖನಿಗೆ ಏರುವವು. ಇನ್ನು ಕೆಲವು ಸರಕಾರದ ಕಚೇರಿಯಲ್ಲಿ ಹುಟ್ಟಿ ಜನರ ಹಣೆಯ ಮೇಲೆ ಕೂಡುವವು. ‘ವಿಮುಕ್ತ ಜಾತಿ’ ಎಂಬ ಮಾತಿನಲ್ಲಿರುವ ‘ವಿಮುಕ್ತ’ ಶಬ್ದವು ಈ ಮೂರನೆಯ ವರ್ಗಕ್ಕೆ ಸೇರಿದುದು. ನಮ್ಮ ಅಫಜಲಪುರ ತಾಲೂಕಿನ ಗಡಿಯನ್ನು ದಾಟಿ ಅಕ್ಕಲಕೋಟೆಯ ಕಡೆಗೆ ಹೋದರೆ ಅಲ್ಲಿಯ ಸರಕಾರಿ ಕಾಗದಪತ್ರಗಳಲ್ಲಿ ಅದು ನಿತ್ಯ ಬಳಕೆಯ ಶಬ್ದವಾಗಿರುವದು. ನಮ್ಮ ಕಡೆಗೆ ಅದು ಅಷ್ಟಾಗಿ ಬಂದಿಲ್ಲ. ಆದರೆ ಯಾರನ್ನು ಕುರಿತು ಆ ಶಬ್ದವು ಹುಟ್ಟಿತೋ ಆ ಜನರು ನಮ್ಮ ನಡುವೆಯೂ ಇರುವರು.

ಸಂಸ್ಕೃತ ವ್ಯಾಕರಣವನ್ನು ಅಷ್ಟಿಷ್ಟು ಓದಿದವರಿಗೆ ಈ ಶಬ್ದದ ರಚನೆಯು ಸುಲಭವಾಗಿ ತಿಳಿಯುವದು. ಬಿಡುವದು ಎಂಬರ್ಥದ ‘ಮುಚ್’ ಧಾತುವಿಗೆ ‘ವಿ’ ಎಂಬ ಉಪಸರ್ಗವು ಸೇರಿ, ಮೇಲೆ ‘ಕ್ತ’ ಪ್ರತ್ಯಯವು ಬಂದು ‘ವಿಮುಕ್ತ’ ಎಂದಾಗಿದೆ. ಕ್ತ, ಕ್ತವತು ಎಂಬ ಎರಡು ಪ್ರತ್ಯಯಗಳಿಗೆ ವೈಯಾಕರಣರು ‘ನಿಷ್ಠಾ’ ಎಂದು ಹೆಸರಿಟ್ಟಿರುವರು. ಕ್ರಿಯೆಯು ಮುಗಿದು ಕೊನೆಮುಟ್ಟಿತು ಎಂಬದನ್ನು ಅವು ಹೇಳುವವು. ಆದುದರಿಂದ ವಿಮುಕ್ತನೆಂದರೆ ಪೂರ್ಣವಾಗಿ ಬಿಡುಗಡೆ ಹೊಂದಿದವನು. ಆದರೆ ಬಿಡುಗಡೆ ಎಂಬ ಮಾತು ಬಂದೊಡನೆ ಮೂರು ಪ್ರಶ್ನೆಗಳು ತಾವಾಗಿಯೇ ಏಳುವವು: ಇವನನ್ನು ಕಟ್ಟಿದವರು ಯಾರು? ಯಾತಕ್ಕಾಗಿ ಕಟ್ಟಿದರು? ಕಟ್ಟು ನಿಜವಾಗಿಯೂ ಬಿಚ್ಚಿತೋ ಇಲ್ಲವೋ? ಮೊದಲಿನ ಎರಡಕ್ಕೆ ಇತಿಹಾಸವು ಉತ್ತರ ಕೊಡುವದು. ಮೂರನೆಯದಕ್ಕೆ ಮಾತ್ರ ನಾವು ನಮ್ಮ ಸುತ್ತಲೂ ನೋಡಬೇಕಾಗುವದು.

ಈ ವಿಚಾರಕ್ಕೆ ತೊಡಗಲು ಒಂದು ನಿಮಿತ್ತವೊದಗಿತು. ಈಚೆಗೆ ಕೆಲವು ಜನ ಮಿತ್ರರು ಕೂಡಿ ಒಂದು ಸಾಕ್ಷ್ಯಚಿತ್ರವನ್ನು ನೋಡಿ, ಬಳಿಕ ಅದರ ಮೇಲೆ ಚರ್ಚೆಯನ್ನು ನಡೆಸಿದೆವು. ಚಿತ್ರದ ಹೆಸರು ‘ಪ್ಲೀಸ್ ಡೋಂಟ್ ಬೀಟ್ ಮಿ, ಸರ್!’ ಎಂದು. ‘ದಯಮಾಡಿ ಹೊಡೆಯಬೇಡಿರಿ, ಸಾಹೇಬರೇ’ ಎಂದು ಅದರ ಅರ್ಥ. ಶಾಶ್ವತಿ ತಾಲುಕ್ದಾರ, ಪಿ. ಕೆರಿಮ್ ಫ್ರೀಡಮನ್ ಎಂಬವರು ಇದನ್ನು ೨೦೧೧ರಲ್ಲಿ ಹೊರತಂದರು. ಅಹಮದಾಬಾದಿನ ಛಾರಾನಗರದಲ್ಲಿ ವಾಸಿಸುವ ಛಾರಾ ಜನರ ತರುಣ-ತರುಣಿಯರು ಕಟ್ಟಿಕೊಂಡ ‘ಬುಧನ್ ಥಿಯೇಟರ್’ ಎಂಬ ನಾಟಕ ಮಂಡಳಿಯ ವೃತ್ತಾಂತವೇ ಅದರ ವಸ್ತು. ಆ ಮಂಡಳಿಗೆ ಹೆಸರು ಕೊಟ್ಟ ಬುಧನ್ ಸಬರನು ನಟನಲ್ಲ, ಗುಜರಾಥದವನೂ ಅಲ್ಲ. ಅವನು ಪಶ್ಚಿಮ ಬಂಗಾಲದ ಪುರುಲಿಯಾ ಜಿಲ್ಲೆಯ ಖೇಡಿಯಾ ಸಬರ ಜನಾಂಗದ ಒಬ್ಬ ಬಡವನು. ೧೯೯೮ನೆಯ ಇಸವಿಯ ಫೆಬ್ರುವರಿಯಲ್ಲಿ ಪೋಲೀಸರ ವಶದಲ್ಲಿದ್ದಾಗ ಅವನು ಸತ್ತನು. ಮಹಾಶ್ವೇತಾದೇವಿಯವರು ಮೊದಲಾದವರು ಈ ಸಂಗತಿಯನ್ನು ನ್ಯಾಯಾಲಯಕ್ಕೆ ಒಯ್ದರು. ಅದೇ ವರ್ಷ ಕಲಕತ್ತೆಯ ಉಚ್ಚ ನ್ಯಾಯಾಲಯವು ಅವನ ಹೆಂಡತಿಗೆ ಪರಿಹಾರವನ್ನು ಕೊಡಬೇಕೆಂದು ಆಜ್ಞಾಪಿಸಿತು. ಮಹಾಶ್ವೇತಾದೇವಿ ಮತ್ತು ಗಣೇಶ ದೇವಿ ಇವರ ಪ್ರೋತ್ಸಾಹದಿಂದ ಅದೇ ವರ್ಷ ಛಾರಾನಗರದ ತರುಣರು ಆ ಮರಣವನ್ನೇ ನಾಟಕವಾಗಿ ಆಡಿದರು. ಎಂದೂ ಕಂಡಿರದ ಒಬ್ಬ ಬಂಗಾಲಿಯ ದುಃಖದಲ್ಲಿ ಗುಜರಾಥದ ಈ ತರುಣರು ತಮ್ಮ ದುಃಖವನ್ನು ಕಂಡುಕೊಂಡದ್ದು ಹೇಗೆ? ಇಬ್ಬರ ಅಜ್ಜಂದಿರನ್ನೂ ಒಂದೇ ಕಾನೂನು ಒಂದೇ ಪಟ್ಟಿಯಲ್ಲಿ ಬರೆದಿದ್ದಿತು. ಅವರಿಬ್ಬರನ್ನೂ ಕೂಡಿಸಿದ ಸಂಬಂಧ ಅದೊಂದೇ.

ಚಿತ್ರವು ಮುಗಿದ ಮೇಲೆ ನಡೆದ ಚರ್ಚೆಯಲ್ಲಿ ಮೂರು ಆಕ್ಷೇಪಗಳು ಬಂದವು. ಒಬ್ಬರು, ‘ಅವರಲ್ಲಿ ಕಳವು ಮಾಡುವವರು ಇದ್ದದ್ದು ನಿಜವಲ್ಲವೇ? ಸರಕಾರವು ಕಣ್ಣಿಟ್ಟರೆ ತಪ್ಪೇನು?’ ಎಂದರು. ಇನ್ನೊಬ್ಬರು, ‘ಅದು ಪರಕೀಯರ ಪಾಪ; ನಮಗೂ ಅದಕ್ಕೂ ಏನು ಸಂಬಂಧ?’ ಎಂದರು. ಮೂರನೆಯವರು, ‘ಆ ಕಾನೂನು ಹೋಗಿ ಎಪ್ಪತ್ತು ವರ್ಷಗಳು ಕಳೆದವು, ಸತ್ತ ಹಾವನ್ನು ಮತ್ತೆ ಹೊಡೆಯುವದೇಕೆ?’ ಎಂದರು. ಮೂವರೂ ಸಜ್ಜನರು, ಸುಶಿಕ್ಷಿತರು. ಇಂಥವರ ಮನಸ್ಸಿನಲ್ಲಿಯೇ ಈ ಪ್ರಶ್ನೆಗಳು ಇರುವದರಿಂದ ಇವುಗಳಿಗೆ ಸಮಾಧಾನವಾಗಿ ಉತ್ತರ ಹೇಳುವದು ಅವಶ್ಯವೆಂದು ತೋರಿತು.

ಮೊದಲನೆಯ ಆಕ್ಷೇಪವನ್ನು ತೆಗೆದುಕೊಳ್ಳೋಣ. ಇದಕ್ಕೆ ಉತ್ತರ ಹೇಳಬೇಕಾದರೆ ಆ ಜನರು ಪಟ್ಟಿಯಲ್ಲಿ ಬರುವದಕ್ಕಿಂತ ಮುಂಚೆ ಏನು ಮಾಡುತ್ತಿದ್ದರೆಂಬದನ್ನು ನೋಡಬೇಕು. ನಮ್ಮ ಭಾಗದಲ್ಲಿ ಎಲ್ಲರಿಗೂ ಪರಿಚಿತರಾದ ಲಂಬಾಣಿಗರ ಉದಾಹರಣೆಯೇ ಸಾಕು. ರಸ್ತೆಗಳಿಲ್ಲದ ಕಾಲದಲ್ಲಿ ದಖ್ಖನದ ವ್ಯಾಪಾರವೆಲ್ಲವೂ ಇವರ ಹೇರೆತ್ತುಗಳ ಬೆನ್ನ ಮೇಲೆ ನಡೆಯುತ್ತಿದ್ದಿತು. ಕರಾವಳಿಯ ಉಪ್ಪು ಘಟ್ಟವನ್ನೇರಿ ಬಯಲುಸೀಮೆಗೆ ಬರುವದೂ, ಬಯಲುಸೀಮೆಯ ಧಾನ್ಯವು ಬರಗಾಲದ ಸೀಮೆಗೆ ಹೋಗುವದೂ ಇವರಿಂದಲೇ. ಮೊಗಲರ ದಂಡು ದಕ್ಷಿಣಕ್ಕೆ ಬಂದಾಗ ಅದಕ್ಕೆ ಅನ್ನವನ್ನು ಒದಗಿಸಿದವರು ಇವರು. ೧೭೯೧-೯೨ರಲ್ಲಿ ಕಾರ್ನವಾಲಿಸನು ಶ್ರೀರಂಗಪಟ್ಟಣದ ಮೇಲೆ ಏರಿ ಹೋದಾಗಲೂ, ೧೮೦೩ರಲ್ಲಿ ಆರ್ಥರ ವೆಲ್ಲೆಸ್ಲಿಯು ಮರಾಠರೊಡನೆ ಕಾದಿದಾಗಲೂ ಇಂಗ್ಲಿಷರ ಸೈನ್ಯವು ಇವರ ಧಾನ್ಯವನ್ನು ನೆಚ್ಚಿಕೊಂಡಿದ್ದಿತು. ಯುದ್ಧದಲ್ಲಿ ಎರಡೂ ಪಕ್ಷದವರಿಗೆ ಬೇಕಾದ ಈ ಜನರು ಶಾಂತಿಕಾಲದಲ್ಲಿ ಹಳ್ಳಿಯ ಗೃಹಸ್ಥನಿಗೂ ಬೇಕಾದವರಾಗಿದ್ದರು. ಇವರು ಬರದಿದ್ದರೆ ಅಡಿಗೆಗೆ ಉಪ್ಪಿಲ್ಲ.

ಹೀಗಿರುವಾಗ ಕ್ರಿ. ಶ. ೧೮೭೧ನೆಯ ಇಸವಿಯು ಬಂದಿತು. ಆ ವರ್ಷ ಎರಡು ಸಂಗತಿಗಳು ನಡೆದವು. ಒಂದು, ಮುಂಬಯಿಯಿಂದ ಸೊಲ್ಲಾಪುರ, ಕಲಬುರ್ಗಿಗಳ ಮೇಲೆ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೇಲ್ವೆಯು ರಾಯಚೂರಿನಲ್ಲಿ ಮದರಾಸು ರೇಲ್ವೆಯನ್ನು ಕೂಡಿಕೊಂಡಿತು. ದೇವಲ ಗಾಣಗಾಪುರದ ದತ್ತಾತ್ರೇಯನ ದರ್ಶನಕ್ಕೆ ಬರುವ ಯಾತ್ರಿಕರು ಇಂದಿಗೂ ಇಳಿಯುವ ಗಾಣಗಾಪುರ ರೋಡ್ ಸ್ಟೇಶನ್ನು ಇದೇ ದಾರಿಯಲ್ಲಿರುವದು. ಯಾತ್ರಿಕರಿಗೆ ಅದರಿಂದ ಪರಮೋಪಕಾರವಾಯಿತು, ವ್ಯಾಪಾರಿಗಳಿಗೆ ಲಾಭವಾಯಿತು, ಆದರೆ ಸಾವಿರಾರು ಎತ್ತುಗಳು ತಿಂಗಳುಗಟ್ಟಲೆ ಹೊರುತ್ತಿದ್ದ ಉಪ್ಪನ್ನೂ ಧಾನ್ಯವನ್ನೂ ಗಾಡಿಯು ಎರಡು ದಿವಸಗಳಲ್ಲಿ ತಂದು ಇಳಿಸತೊಡಗಿದ ಮೇಲೆ ಲಂಬಾಣಿಗನ ವೃತ್ತಿಯು ಮೆಲ್ಲಮೆಲ್ಲನೆ ಅಳಿಯಿತು. ಅದೇ ಕಾಲಕ್ಕೆ ಅಡವಿಗಳಿಗೆ ಕಾಯಿದೆಗಳು ಬಂದುದರಿಂದ ಎತ್ತು ಮೇಯಿಸುವ ಹುಲ್ಲುಗಾವಲೂ, ಬೇಟೆಗಾರರ ಬೇಟೆಯೂ, ಬುಟ್ಟಿ ಹೆಣೆಯುವವರ ಬಿದಿರೂ ಸರಕಾರದ ಸೊತ್ತಾದವು.

ಎರಡನೆಯ ಸಂಗತಿಯು ಅದೇ ವರ್ಷದ ಅಕ್ಟೋಬರದಲ್ಲಿ ನಡೆಯಿತು. ಭಾರತ ಸರಕಾರವು ‘ಕ್ರಿಮಿನಲ್ ಟ್ರೈಬ್ಸ್ ಆಕ್ಟ್’ ಎಂಬ, ಅಂದರೆ ಅಪರಾಧಿ ಜಾತಿಗಳ ಕಾಯಿದೆ ಎಂಬ, ಕಾನೂನನ್ನು ಮಾಡಿತು. ಭಾರತದಲ್ಲಿ ನೇಕಾರನ ಮಗನು ನೇಕಾರನೂ ಬಡಿಗನ ಮಗನು ಬಡಿಗನೂ ಆಗುವಂತೆ ಕಳ್ಳರ ಜಾತಿಯೂ ಒಂದು ಇದ್ದೇ ಇರಬೇಕೆಂಬ ತರ್ಕವನ್ನು ಆ ಕಾಲದ ಶಾಸನಸಭೆಯಲ್ಲಿ ಮುಂದಿಟ್ಟರು. ಆ ಸಭೆಯಲ್ಲಿ ಕಾನೂನು ಸದಸ್ಯನಾಗಿದ್ದವನು ಜೇಮ್ಸ್ ಫಿಟ್ಜ್‌ಜೇಮ್ಸ್ ಸ್ಟೀಫನ್ ಎಂಬ ಪ್ರಸಿದ್ಧ ನ್ಯಾಯವೇತ್ತನು. ನಮ್ಮ ಜಾತಿಪದ್ಧತಿಯನ್ನು ಕುರಿತು ತಮಗೆ ಉಪಯೋಗಕ್ಕೆ ಬರುವಷ್ಟನ್ನು ಮಾತ್ರ ಇವರು ಕಲಿತಿದ್ದರೆಂದು ತೋರುತ್ತದೆ. ಯಾವ ಜಾತಿಯನ್ನು ಸರಕಾರವು ಅಪರಾಧಿಯೆಂದು ಘೋಷಿಸುವದೋ ಆ ಜಾತಿಯವರು ಪೋಲೀಸು ಪುಸ್ತಕದಲ್ಲಿ ಹೆಸರು ಬರೆಯಿಸಬೇಕು. ಗೊತ್ತುಪಡಿಸಿದ ವೇಳೆಗೆ ಹಾಜರಿ ಕೊಡಬೇಕು. ಚೀಟಿಯಿಲ್ಲದೆ ಊರನ್ನು ಬಿಡಕೂಡದು. ಸರಕಾರದ ಘೋಷಣೆಯೇ ಸಾಕಾದ ಪ್ರಮಾಣವು; ಅದನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಲು ಆಸ್ಪದವಿರಲಿಲ್ಲ. ಮೊದಲು ಉತ್ತರ ಹಿಂದೂಸ್ಥಾನದಲ್ಲಿ ಜಾರಿಗೆ ಬಂದ ಈ ಕಾಯಿದೆಯು ೧೮೭೬ರಲ್ಲಿ ಬಂಗಾಲಕ್ಕೂ, ೧೯೧೧ರ ಹೊಸ ಕಾಯಿದೆಯಿಂದ ಮುಂಬಯಿ, ಮದರಾಸು ಇಲಾಖೆಗಳಿಗೂ ಹಬ್ಬಿತು. ೧೯೨೪ರಲ್ಲಿ ಎಲ್ಲವನ್ನೂ ಕೂಡಿಸಿ ಮತ್ತೊಂದು ಕಾಯಿದೆಯಾಯಿತು. ಬೆರಳೊತ್ತುಗಳನ್ನು ತೆಗೆಯುವದೂ, ಮಕ್ಕಳನ್ನು ತಂದೆತಾಯಿಗಳಿಂದ ಅಗಲಿಸಿ ಸುಧಾರಣಾಶಾಲೆಗಳಲ್ಲಿ ಇಡುವದೂ ಈ ತಿದ್ದುಪಡಿಗಳಲ್ಲಿ ಸೇರಿಕೊಂಡವು.

ಈಗ ಮೊದಲಿನ ಆಕ್ಷೇಪಕ್ಕೆ ಉತ್ತರವು ತಾನಾಗಿಯೇ ಒದಗುವದು. ಕಳವು ಮಾಡಿದವನನ್ನು ಶಿಕ್ಷಿಸಲು ೧೮೬೦ರ ದಂಡಸಂಹಿತೆಯೇ ಇದ್ದಿತು. ಅದಕ್ಕೆ ಬೇರೆ ಕಾನೂನು ಬೇಕಾಗಿರಲಿಲ್ಲ. ೧೮೭೧ರ ಕಾನೂನು ಬೇಕಾದದ್ದು ಕಳವು ಮಾಡದವನನ್ನು ಹಿಡಿಯುವದಕ್ಕಾಗಿ. ವ್ಯಾಕರಣದಲ್ಲಿ ಕ್ರಿಯೆಯಿಲ್ಲದೆ ಕರ್ತೃವಿಲ್ಲ; ಉಣ್ಣದವನನ್ನು ಉಂಡವನೆನ್ನುವದಿಲ್ಲ. ಕರ್ಮಸಿದ್ಧಾಂತವನ್ನು ನಂಬಿದ ನಮ್ಮ ಹಿರಿಯರೂ ಮಾಡಿದವನ ಪಾಪವು ಮಾಡಿದವನಿಗೆ ಎಂದೇ ಹೇಳುತ್ತ ಬಂದರು. ಈ ಕಾಯಿದೆಯಾದರೋ ತೊಟ್ಟಿಲಲ್ಲಿಯ ಕೂಸನ್ನು ಕ್ರಿಯೆಯಿಲ್ಲದೆಯೇ ಕರ್ತೃವನ್ನಾಗಿ ಮಾಡಿತು. ಆ ಜನರಲ್ಲಿ ಕದ್ದವರಿರಲಿಲ್ಲವೆಂದು ನಾನು ಹೇಳುವದಿಲ್ಲ. ವೃತ್ತಿಯು ಹೋಗಿ, ಅಡವಿಯು ಮುಚ್ಚಿ, ಎಲ್ಲಿಗೆ ಹೋದರೂ ಚೀಟಿ ಕೇಳುವ ಸ್ಥಿತಿಯಲ್ಲಿ ಹೊಟ್ಟೆಯ ಸಲುವಾಗಿ ಕದ್ದವರು ಇದ್ದಿರಲೇಬೇಕು. ಎಲ್ಲ ಜಾತಿಗಳಲ್ಲಿಯೂ ಕದ್ದವರಿದ್ದಾರೆ. ಆದರೆ ಉಳಿದ ಜಾತಿಗಳಲ್ಲಿ ಕದ್ದವನು ಮಾತ್ರ ಕಳ್ಳನು; ಇವರಲ್ಲಿ ಕದಿಯದವನೂ ಕಳ್ಳನು. ಅನ್ಯಾಯವಿರುವದು ಈ ಭೇದದಲ್ಲಿ.

ಎರಡನೆಯ ಆಕ್ಷೇಪಕ್ಕೆ ಬರೋಣ. ಇದು ಪರಕೀಯರ ಪಾಪವೆಂಬದು ನಿಜ. ಆದರೆ ಅರ್ಧ ನಿಜ. ಕಾಯಿದೆಯನ್ನು ಬರೆದವರು ಅವರು. ಅದನ್ನು ನಡೆಯಿಸಿದ ಕೈಗಳು ನಮ್ಮವು. ಪಟ್ಟಿಯಲ್ಲಿದ್ದವರ ಚಲನವಲನಗಳನ್ನು ಪೋಲೀಸರಿಗೆ ತಿಳಿಸುವ ಹೊಣೆಯನ್ನು ಕಾಯಿದೆಯು ಹಳ್ಳಿಯ ಮುಖ್ಯಸ್ಥನ ಮೇಲೂ, ಕಾವಲುಗಾರನ ಮೇಲೂ, ಭೂಮಾಲಿಕನ ಮೇಲೂ ಹೊರಿಸಿದ್ದಿತು. ಇನ್ನು ನಮ್ಮ ಸ್ವಂತ ಸೀಮೆಯನ್ನು ನೋಡಿದರೆ, ಅಫಜಲಪುರವು ಇಂಗ್ಲಿಷರ ನೇರ ಆಳಿಕೆಯಲ್ಲಿರಲಿಲ್ಲ. ಅದು ನಿಜಾಮರ ಹೈದರಾಬಾದ ಸಂಸ್ಥಾನಕ್ಕೆ ಸೇರಿದ್ದಿತು. ಆ ಸಂಸ್ಥಾನದಲ್ಲಿಯೂ ಇಂಥದೇ ಕಾನೂನು ಬಂದು, ಲಂಬಾಣಿಗರನ್ನೂ ಅದರ ಕೆಳಗೆ ತಂದರು. ಪರಕೀಯರಿಲ್ಲದ ಕಡೆಯಲ್ಲಿಯೂ ಪರಕೀಯರ ಕಾನೂನು ಬೇಕೆನಿಸಿತು ಎಂದ ಮೇಲೆ ಪಾಪವನ್ನು ಅವರೊಬ್ಬರ ತಲೆಗೆ ಕಟ್ಟುವದು ಹೇಗೆ?

ನಮ್ಮ ಭೀಮಾತೀರವು ಆಗ ಎರಡು ರಾಜ್ಯಗಳ ಅಂಚಾಗಿದ್ದಿತು. ಹೊಳೆಯ ಈಚೆಗೆ ನಿಜಾಮರ ಸೀಮೆ. ಆಚೆಗೆ ಮುಂಬಯಿ ಇಲಾಖೆಯ ಇಂಡಿ, ಸಿಂದಗಿಗಳು. ಮುಂಬಯಿ ಇಲಾಖೆಯಲ್ಲಿ ಸ್ಟಾರ್ಟೆ ಎಂಬ ಅಧಿಕಾರಿಯ ಮೇಲ್ವಿಚಾರಣೆಯಲ್ಲಿ ‘ಸೆಟ್ಲಮೆಂಟ್’ ಎಂಬ ವಸತಿಗಳು ಹುಟ್ಟಿದವು. ಈ ಕೆಲಸವು ಮೊದಲು ಬೇರೂರಿದ ಊರುಗಳಲ್ಲಿ ನಮ್ಮ ನೆರೆಯ ವಿಜಾಪುರವು ಒಂದು. ಬಾಗಲಕೋಟೆ, ಗದಗ, ಹುಬ್ಬಳ್ಳಿ, ಸೊಲ್ಲಾಪುರಗಳಲ್ಲಿಯೂ ಇವು ಆದವು. ಅಲ್ಲಿ ಇರಿಸಲ್ಪಟ್ಟವರಿಗೆ ಮನೆಯುಂಟು, ಕೆಲಸವುಂಟು, ಮಕ್ಕಳಿಗೆ ಶಾಲೆಯುಂಟು. ಹೊರಗೆ ಹೋಗುವ ಸ್ವಾತಂತ್ರ್ಯ ಮಾತ್ರವಿಲ್ಲ. ಸೊಲ್ಲಾಪುರ, ಹುಬ್ಬಳ್ಳಿಗಳಲ್ಲಿ ಬಟ್ಟೆಯ ಗಿರಣಿಗಳಿದ್ದುವಾದ್ದರಿಂದ ಸೆಟ್ಲಮೆಂಟಿನವರು ಅಲ್ಲಿ ದುಡಿದರು. ಓಡಿಹೋಗಲಾರದ ಕೂಲಿಕಾರನು ಗಿರಣಿಯವರಿಗೂ ಅನುಕೂಲನೇ. ಸ್ಟಾರ್ಟೆ ಮೊದಲಾದವರು ತಾವು ಪರೋಪಕಾರವನ್ನು ಮಾಡುತ್ತಿರುವೆವೆಂದು ಪ್ರಾಮಾಣಿಕವಾಗಿಯೇ ನಂಬಿದ್ದಿರಬಹುದು. ಶಾಲೆಯನ್ನು ಕಲಿಸಿ ಬಾಳಿದ ನಾನು ಶಾಲೆಯ ಉಪಕಾರವನ್ನು ಅಲ್ಲಗಳೆಯಲಾರೆನು. ಆದರೆ ಬೇಲಿಯೊಳಗಿನ ಶಾಲೆಯು ಮಗುವಿಗೆ ಅಕ್ಷರವನ್ನು ಕಲಿಸುವ ಮೊದಲೇ ‘ನೀನು ಹುಟ್ಟುಗಳ್ಳನು’ ಎಂಬದನ್ನು ಕಲಿಸಿರುವದು. ಹುಬ್ಬಳ್ಳಿಯಲ್ಲಿಯೂ ಗದಗಿನಲ್ಲಿಯೂ ಆ ಭಾಗಗಳಿಗೆ ಜನರು ಇಂದಿಗೂ ‘ಸೆಟ್ಲಮೆಂಟ್’ ಎಂದೇ ಅನ್ನುವರು. ಬೇಲಿಯು ಹೋದರೂ ಹೆಸರು ಹೋಗಿಲ್ಲ.

ಇಲ್ಲಿ ಸ್ವಲ್ಪ ದೂರದ ದೇಶದ ಕಡೆಗೆ ದೃಷ್ಟಿ ಹಾಯಿಸುವದು ಉಪಯುಕ್ತವಾದೀತು. ನಮ್ಮ ಚರ್ಚೆಯಲ್ಲಿ ಒಬ್ಬ ತರುಣನು ಆಸ್ಟ್ರೇಲಿಯದ ಮೂಲನಿವಾಸಿಗಳ ಪ್ರಸ್ತಾಪವನ್ನು ತೆಗೆದನು. ಆ ಖಂಡಕ್ಕೆ ಇಂಗ್ಲಿಷರು ೧೭೮೮ರಲ್ಲಿ ಬಂದು ನೆಲಸಿದಾಗ ಅಲ್ಲಿ ಸಾವಿರಾರು ತಲೆಮಾರುಗಳಿಂದ ಜನರು ಬಾಳುತ್ತಿದ್ದರು. ಆದರೂ ಆ ಭೂಮಿಯು ಒಡೆಯರಿಲ್ಲದ ಭೂಮಿಯೆಂದು ಇಂಗ್ಲಿಷರ ಕಾನೂನು ಎಣಿಸಿತು. ಇಪ್ಪತ್ತನೆಯ ಶತಮಾನದಲ್ಲಿ ಬಹುಕಾಲದ ವರೆಗೆ ಅವರ ಮಕ್ಕಳನ್ನು ತಾಯಂದಿರಿಂದ ಕಸಿದುಕೊಂಡು ಸರಕಾರದ ಆಶ್ರಮಗಳಲ್ಲಿಯೂ ಬಿಳಿಯರ ಮನೆಗಳಲ್ಲಿಯೂ ಬೆಳೆಸಿದರು. ೧೯೬೭ರ ಜನಮತಗಣನೆಯಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಜನರು ಸಮ್ಮತಿಸಿದ ಬಳಿಕ ಮೂಲನಿವಾಸಿಗಳನ್ನು ದೇಶದ ಜನಗಣತಿಯಲ್ಲಿ ಎಣಿಸಲು ಇದ್ದ ಅಡ್ಡಿಯು ರಾಜ್ಯಾಂಗದಿಂದ ಹೋಯಿತು. ೧೯೯೨ರಲ್ಲಿ ಎಡ್ಡಿ ಮಾಬೋ ಎಂಬ ದ್ವೀಪವಾಸಿಯು ಹೂಡಿದ ದಾವೆಯಲ್ಲಿ ಅಲ್ಲಿಯ ಉಚ್ಚ ನ್ಯಾಯಾಲಯವು ‘ಒಡೆಯರಿಲ್ಲದ ಭೂಮಿ’ ಎಂಬ ಮಾತನ್ನು ತಳ್ಳಿಹಾಕಿತು. ತೀರ್ಪು ಬರುವ ಕೆಲವು ತಿಂಗಳುಗಳ ಮೊದಲೇ ಅವನು ತೀರಿಕೊಂಡಿದ್ದನು. ೨೦೦೮ರ ಫೆಬ್ರುವರಿಯಲ್ಲಿ ಪ್ರಧಾನಿ ಕೆವಿನ್ ರಡ್ ಇವರು ಪಾರ್ಲಿಮೆಂಟಿನಲ್ಲಿ ಕ್ಷಮೆ ಬೇಡಿದರು. ಆದರೂ ಪಾರ್ಲಿಮೆಂಟಿಗೆ ಸಲಹೆ ಹೇಳುವ ಒಂದು ಮೂಲನಿವಾಸಿಗಳ ಮಂಡಲವನ್ನು ರಾಜ್ಯಾಂಗದಲ್ಲಿ ಸೇರಿಸಬೇಕೆಂಬ ಸೂಚನೆಯನ್ನು ೨೦೨೩ರ ಅಕ್ಟೋಬರದಲ್ಲಿ ಅದೇ ದೇಶದ ಬಹುಸಂಖ್ಯಾತರು ತಿರಸ್ಕರಿಸಿದರು.

ಆ ದೇಶದ ಇತಿಹಾಸವೂ ನಮ್ಮದೂ ಒಂದೇ ಅಲ್ಲ. ಅಲ್ಲಿ ಬಂದವರು ಬೇರೆ, ಇದ್ದವರು ಬೇರೆ ಎಂಬ ಭೇದವು ಸ್ಪಷ್ಟವಾಗಿರುವದು. ಇಲ್ಲಿ ಎಲ್ಲರೂ ಈ ನೆಲದವರೇ. ೨೦೦೭ರಲ್ಲಿ ಸಂಯುಕ್ತ ರಾಷ್ಟ್ರಸಂಘವು ಮೂಲನಿವಾಸಿಗಳ ಹಕ್ಕುಗಳ ಘೋಷಣೆಯನ್ನು ಒಪ್ಪಿದಾಗ ಆಸ್ಟ್ರೇಲಿಯವು ಮೊದಲು ವಿರೋಧಿಸಿತು. ಭಾರತವು ಒಪ್ಪಿಗೆಯ ಮತವನ್ನು ಕೊಟ್ಟಿತು. ಆದರೆ ಒಂದು ಸಾಮ್ಯವು ನನ್ನನ್ನು ಬಹಳವಾಗಿ ಯೋಚನೆಗೆ ಹಚ್ಚಿತು. ಎರಡೂ ಕಡೆಗಳಲ್ಲಿ ಅನ್ಯಾಯವು ಕತ್ತಿಯಿಂದಷ್ಟೇ ಆಗಲಿಲ್ಲ, ಒಂದೊಂದು ಶಬ್ದದಿಂದಲೂ ಆಯಿತು. ಅಲ್ಲಿ ಭೂಮಿಗೆ ಒಡೆಯರಿಲ್ಲವೆಂದು ಬರೆದರು. ಇಲ್ಲಿ ಜನರಿಗೆ ಮರ್ಯಾದೆಯಿಲ್ಲವೆಂದು ಬರೆದರು. ಬರೆದದ್ದನ್ನು ಅಳಿಸಲು ಅಲ್ಲಿ ಇನ್ನೂರು ವರ್ಷಗಳು ಬೇಕಾದವು. ಅಳಿಸಿದ ಮೇಲೂ ಜನರ ಮನಸ್ಸಿನಲ್ಲಿ ಅದರ ಗುರುತು ಉಳಿಯಿತು.

ಮೂರನೆಯ ಆಕ್ಷೇಪಕ್ಕೆ, ಅಂದರೆ ಕಾನೂನು ಹೋಗಿ ಬಹುಕಾಲವಾಯಿತು ಎಂಬ ಮಾತಿಗೆ, ಈಗ ಬರಬೇಕು. ೧೯೩೬ರಲ್ಲಿಯೇ ಜವಾಹರಲಾಲ ನೆಹರೂ ಇವರು ನೆಲ್ಲೂರಿನಲ್ಲಿ ಮಾತಾಡುವಾಗ ಈ ಕಾಯಿದೆಯನ್ನು ಖಂಡಿಸಿದ್ದರು. ಮದರಾಸು ಪ್ರಾಂತವು ೧೯೪೭ರಲ್ಲಿಯೂ, ಮುಂಬಯಿ ಪ್ರಾಂತವು ೧೯೪೯ರಲ್ಲಿಯೂ ಅದನ್ನು ತೆಗೆದುಹಾಕಿದವು. ಅನಂತಶಯನಂ ಅಯ್ಯಂಗಾರ್ಯರ ಅಧ್ಯಕ್ಷತೆಯಲ್ಲಿ ೧೯೪೯ರಲ್ಲಿ ನೇಮಿಸಿದ ಸಮಿತಿಯ ವಿಚಾರಣೆಯ ತರುವಾಯ, ೧೯೫೨ನೆಯ ಇಸವಿಯ ಆಗಸ್ಟ ೩೧ರಿಂದ ಇಡೀ ದೇಶದಲ್ಲಿ ಆ ಕಾಯಿದೆಯು ರದ್ದಾಯಿತು. ದೇಶವು ಸ್ವತಂತ್ರವಾದ ಐದು ವರ್ಷಗಳ ಮೇಲೆ ಈ ಜನರಿಗೆ ಸ್ವಾತಂತ್ರ್ಯವು ಬಂದಿತು. ಆದಕಾರಣವೇ ಅವರು ಆಗಸ್ಟ ೩೧ನ್ನು ವಿಮುಕ್ತ ದಿನವೆಂದು ಆಚರಿಸುವರು. ‘ವಿಮುಕ್ತ’ ಎಂಬ ಶಬ್ದವು ಅವರಿಗೆ ಅಂಟಿದ್ದು ಈ ಬಿಡುಗಡೆಯಿಂದ.

ಆದರೆ ಕಾಯಿದೆಯು ಹೋದ ಜಾಗದಲ್ಲಿ ‘ರೂಢಿಗತ ಅಪರಾಧಿಗಳ’ ಕಾಯಿದೆಗಳು ಬಂದವು. ನಮ್ಮ ರಾಜ್ಯದಲ್ಲಿ ೧೯೬೧ರಲ್ಲಿ ಇಂಥ ಕಾಯಿದೆಯಾಯಿತು. ಇದು ಜಾತಿಯನ್ನು ಹೆಸರಿಸುವದಿಲ್ಲ. ಮೇಲಿಂದ ಮೇಲೆ ಶಿಕ್ಷೆ ಹೊಂದಿದ ವ್ಯಕ್ತಿಗೆ ಮಾತ್ರ ಸಂಬಂಧಿಸಿದುದು. ತತ್ತ್ವದಲ್ಲಿ ಇದು ನ್ಯಾಯವೇ. ಆದರೆ ಸಂಶಯವು ಮೊದಲು ಯಾರ ಮನೆಗೆ ಹೋಗುವದೋ ಶಿಕ್ಷೆಯೂ ಮೊದಲು ಅವರ ಮನೆಗೇ ಹೋಗುವದು ಲೋಕಾನುಭವ. ಕೆಲವು ರಾಜ್ಯಗಳ ಸೆರೆಮನೆಯ ನಿಯಮಗಳಲ್ಲಿ ವಿಮುಕ್ತ ಜಾತಿಗಳನ್ನು ರೂಢಿಗತ ಅಪರಾಧಿಗಳ ಜೊತೆಗೆ ಸೇರಿಸುವ ವಾಕ್ಯಗಳು ಹಾಗೆಯೇ ಉಳಿದಿದ್ದವು. ಸುಕನ್ಯಾ ಶಾಂತಾ ಎಂಬ ಪತ್ರಕರ್ತೆಯ ಮನವಿಯ ಮೇಲೆ ಸರ್ವೋಚ್ಚ ನ್ಯಾಯಾಲಯವು ೨೦೨೪ನೆಯ ಇಸವಿಯ ಅಕ್ಟೋಬರ ೩ರಂದು ಸೆರೆಮನೆಗಳಲ್ಲಿಯ ಜಾತಿಭೇದದ ನಿಯಮಗಳೊಡನೆ ಇಂಥವುಗಳನ್ನೂ ಸಂವಿಧಾನಬಾಹಿರವೆಂದು ತೆಗೆದುಹಾಕಿತು. ಸತ್ತಿತೆಂದು ನಾವು ಬಗೆದ ಹಾವು ಮೊನ್ನೆಮೊನ್ನೆಯ ವರೆಗೆ ಪುಸ್ತಕಗಳಲ್ಲಿ ಜೀವದಿಂದ ಇದ್ದಿತೆಂಬದಕ್ಕೆ ಇದಕ್ಕಿಂತ ಹೆಚ್ಚಿನ ಪ್ರಮಾಣ ಬೇಕೇ?

ಇದರ ಜೊತೆಗೆ ಇನ್ನೊಂದು ವಿಚಿತ್ರವು ನಮ್ಮ ಗಡಿನಾಡಿನಲ್ಲಿ ಕಾಣುವದು. ಲಂಬಾಣಿಗರಲ್ಲಿ ಮೂರೂ ಸೀಮೆಗಳ ನಡುವೆ ಕೊಳ್ಳು-ಕೊಡೆಗಳು ನಡೆಯುವವು. ಭಾಷೆಯು ಒಂದು, ಹಾಡು ಒಂದು, ಗುರು ಸೇವಾಲಾಲರೂ ಒಬ್ಬರೇ. ಆದರೆ ಅಕ್ಕಲಕೋಟೆಯ ಕಡೆಯ ಲಂಬಾಣಿಗನು ವಿಮುಕ್ತ ಜಾತಿಯವನು. ಕರ್ನಾಟಕದಲ್ಲಿ ಅವನ ತಮ್ಮನು ಪರಿಶಿಷ್ಟ ಜಾತಿಯವನು. ತೆಲಂಗಾಣಕ್ಕೆ ಕೊಟ್ಟ ಅವರ ತಂಗಿಯ ಮಕ್ಕಳು ಪರಿಶಿಷ್ಟ ಪಂಗಡದವರು. ಒಂದೇ ಒಡಲಿನ ಮಕ್ಕಳಿಗೆ ಮೂರು ಸರಕಾರಗಳು ಮೂರು ಹೆಸರುಗಳನ್ನಿಟ್ಟಿರುವವು. ಕೆಲಸದ ಸಲುವಾಗಿ ಗಡಿಯನ್ನು ದಾಟಿದವನ ಮಗುವಿಗೆ ಒಂದು ಕಡೆಯ ಪ್ರಮಾಣಪತ್ರವು ಇನ್ನೊಂದು ಕಡೆಗೆ ನಡೆಯುವದಿಲ್ಲ. ಅಲೆಯುವ ಜನರನ್ನು ಒಂದೆಡೆ ನಿಲ್ಲಿಸಬೇಕೆಂದು ೧೮೭೧ರಲ್ಲಿ ಚೀಟಿಯು ಹುಟ್ಟಿತು. ಅಲೆಯುವವನಿಗೆ ಚೀಟಿಯ ತೊಡಕು ಇಂದಿಗೂ ತಪ್ಪಿಲ್ಲ.

ಕೊನೆಗೆ ನೆಲದ ಮಾತು. ಹೇರೆತ್ತಿನ ವ್ಯಾಪಾರವು ನಿಂತ ಮೇಲೆ ಲಂಬಾಣಿಗರು ಊರುಗಳಿಂದ ದೂರ ಮರಡಿಗಳ ಮೇಲೆ, ಅಡವಿಯ ಅಂಚಿನಲ್ಲಿ ತಾಂಡಾಗಳನ್ನು ಕಟ್ಟಿಕೊಂಡರು. ಕಂದಾಯದ ಲೆಕ್ಕದಲ್ಲಿ ಊರೆಂದರೆ ಒಂದು ಹೆಸರು, ಒಂದು ಗಡಿ, ಸರ್ವೇ ನಂಬರುಗಳ ಒಂದು ಸಾಲು, ಮನೆಗಳಿಗೆ ಮೀಸಲಾದ ಒಂದು ಗಾವಠಾಣ. ಬಹಳಷ್ಟು ತಾಂಡಾಗಳಿಗೆ ಇವು ಯಾವವೂ ಇರಲಿಲ್ಲ. ಅವು ಇದ್ದದ್ದು ಯಾರದೋ ಹೊಲದ ನಂಬರಿನಲ್ಲಿ, ಇಲ್ಲವೆ ಸರಕಾರದ ಭೂಮಿಯಲ್ಲಿ. ಮೂರು ತಲೆಮಾರು ಬಾಳಿದ ಮನೆಯು ಕಾಗದದಲ್ಲಿ ಬೇರೊಬ್ಬನದು. ಅದರ ಮೇಲೆ ಸಾಲವಿಲ್ಲ, ಮಾರಾಟವಿಲ್ಲ, ಮಕ್ಕಳಿಗೆ ಪಾಲು ಮಾಡಿಕೊಡುವ ಪತ್ರವಿಲ್ಲ. ನಾನು ಶಾಲೆಯಲ್ಲಿದ್ದಾಗ ತಾಂಡಾದ ಹುಡುಗರ ಹೆಸರುಗಳನ್ನು ದಾಖಲೆಯ ಪುಸ್ತಕದಲ್ಲಿ ಬರೆಯುವಾಗ ‘ಸ್ವಂತ ಊರು’ ಎಂಬ ಕಲಮಿಗೆ ಹತ್ತಿರದ ಬೇರೆ ಊರಿನ ಹೆಸರನ್ನು ಹೇಳುವ ತಂದೆಗಳನ್ನು ಎಷ್ಟೋ ಸಲ ಕಂಡಿದ್ದೇನೆ. ತಮ್ಮ ತಾಂಡಾಕ್ಕೆ ಹೆಸರಿಲ್ಲವೆಂದಲ್ಲ; ಆ ಹೆಸರನ್ನು ಕಾಗದವು ಒಪ್ಪುವದಿಲ್ಲವೆಂದು ಅವರಿಗೆ ಗೊತ್ತಿದ್ದಿತು.

ಈ ಸ್ಥಿತಿಯನ್ನು ಸರಿಪಡಿಸಲು ಪ್ರಯತ್ನಗಳು ಆಗಿಲ್ಲವೆಂದಲ್ಲ. ೨೦೧೭ರಿಂದ ಕರ್ನಾಟಕದಲ್ಲಿ, ವಾಸಿಸುವವನೇ ಮನೆಯ ಒಡೆಯನೆಂಬ ತತ್ತ್ವದ ಮೇಲೆ, ದಾಖಲೆಯಿಲ್ಲದ ಜನವಸತಿಗಳನ್ನು ಕಂದಾಯ ಗ್ರಾಮಗಳನ್ನಾಗಿ ಮಾಡಲು ಕಾನೂನಿನ ತಿದ್ದುಪಡಿಯು ಬಂದಿತು. ಕಲಬುರ್ಗಿ, ಯಾದಗಿರಿ, ರಾಯಚೂರು, ಬೀದರ, ವಿಜಾಪುರ ಈ ಐದು ಜಿಲ್ಲೆಗಳಲ್ಲಿ ಸುಮಾರು ೧,೪೭೫ ಇಂಥ ವಸತಿಗಳು ಕಂದಾಯ ಗ್ರಾಮಗಳೆಂದು ಘೋಷಿತವಾದವು. ೨೦೨೩ನೆಯ ಇಸವಿಯ ಜನೇವರಿ ೧೯ರಂದು ನಮ್ಮ ಜಿಲ್ಲೆಯ ಸೇಡಂ ತಾಲೂಕಿನ ಮಳಖೇಡದಲ್ಲಿ ಐವತ್ತು ಸಾವಿರಕ್ಕಿಂತ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರಗಳನ್ನು ಕೊಡುವ ಸಮಾರಂಭವು ಪ್ರಧಾನಮಂತ್ರಿಗಳ ಸಮಕ್ಷಮದಲ್ಲಿ ಜರುಗಿತು. ಮಳಖೇಡವೆಂದರೆ ರಾಷ್ಟ್ರಕೂಟರ ಮಾನ್ಯಖೇಟವು. ಕನ್ನಡದ ಲಭ್ಯವಾದ ಮೊದಲ ಗ್ರಂಥವಾದ ಕವಿರಾಜಮಾರ್ಗವು ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ಸ್ಥಳವು. ಕನ್ನಡದ ಬರವಣಿಗೆಯು ಬೆಳಕಿಗೆ ಬಂದ ಊರಿನಲ್ಲಿಯೇ, ಸಾವಿರದ ನೂರೆಪ್ಪತ್ತು ವರ್ಷಗಳ ತರುವಾಯ, ನಮ್ಮ ನೆರೆಯ ಜನರಿಗೆ ತಮ್ಮ ಮನೆಯು ತಮ್ಮದೆಂಬ ಬರಹವು ದೊರೆಯಿತು. ಇದು ಸಂತೋಷದ ಸಂಗತಿಯೇ. ಆದರೆ ಹಕ್ಕುಪತ್ರದಿಂದ ಮನೆಯು ತಮ್ಮದಾಯಿತೇ ಹೊರತು ಹೊಟ್ಟೆಗೆ ಹೊಲವು ಬರಲಿಲ್ಲ. ಸುಗ್ಗಿಯು ಬಂದರೆ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೂ, ಬೇಸಗೆ ಬಂದರೆ ಕಟ್ಟಡದ ಕೆಲಸಕ್ಕೆ ಪುಣೆ-ಮುಂಬಯಿಗಳಿಗೂ ತಾಂಡಾದವರು ಇಂದಿಗೂ ಹೋಗುವರು. ತರಗತಿಯಲ್ಲಿ ಅವರ ಮಕ್ಕಳ ಜಾಗಗಳು ಬರಿದಾಗುವವು.

ಲಂಬಾಣಿಗರು ಸಂಖ್ಯೆಯಲ್ಲಿ ಹೆಚ್ಚು. ಅವರಲ್ಲಿ ಓದಿದವರು, ಅಧಿಕಾರಿಗಳು, ಶಾಸಕರು ಆಗಿರುವರು. ಅವರ ಕೂಗನ್ನು ಯಾರಾದರೂ ಕೇಳುವರು. ಅದೇ ಪಟ್ಟಿಯಲ್ಲಿದ್ದ ಹರಣಶಿಕಾರಿಗಳು, ಘಂಟಿಚೋರರು ಮೊದಲಾದವರು ಸಂಖ್ಯೆಯಲ್ಲಿ ಅಲ್ಪರು. ಊರಿನ ಹೊರಗೆ ನಾಲ್ಕು ಗುಡಿಸಲು ಹಾಕಿಕೊಂಡವರು. ಘಂಟಿಚೋರ ಎಂಬ ಹೆಸರನ್ನೇ ನೋಡಿರಿ. ಹೆಸರಿನಲ್ಲಿಯೇ ‘ಚೋರ’ನನ್ನು ಹೊತ್ತ ಹುಡುಗನು ಶಾಲೆಯಲ್ಲಿ ಹೆಸರು ಹಚ್ಚಬೇಕು, ಹಾಜರಿಯಲ್ಲಿ ಓ ಎನ್ನಬೇಕು, ದೊಡ್ಡವನಾಗಿ ನೌಕರಿಯ ಅರ್ಜಿಯಲ್ಲಿ ಬರೆಯಬೇಕು. ಲಾತೂರಿನ ಕಡೆಯ ಲಕ್ಷ್ಮಣ ಗಾಯಕವಾಡರು ತಮ್ಮ ಜೀವನವನ್ನು ‘ಉಚಲ್ಯಾ’ ಎಂಬ ಮರಾಠಿ ಗ್ರಂಥದಲ್ಲಿ ಬರೆದು ೧೯೮೮ರಲ್ಲಿ ಸಾಹಿತ್ಯ ಅಕಾದೆಮಿಯ ಪ್ರಶಸ್ತಿಯನ್ನು ಪಡೆದರು. ಆ ಹೆಸರಿಗೂ ಎತ್ತಿಕೊಂಡು ಹೋಗುವವನೆಂದೇ ಅರ್ಥ. ಅಪಮಾನದ ಶಬ್ದವನ್ನೇ ಗ್ರಂಥದ ಶಿರೋನಾಮವನ್ನಾಗಿ ಮಾಡುವ ಧೈರ್ಯವು ಎಲ್ಲರಿಗೆಲ್ಲಿ ಬರಬೇಕು?

ಹೀಗೆ ನೋಡಿದರೆ ‘ವಿಮುಕ್ತ’ ಶಬ್ದದ ಕ್ತ ಪ್ರತ್ಯಯವು ವ್ಯಾಕರಣಕ್ಕೆ ಸರಿ, ಇತಿಹಾಸಕ್ಕೆ ಇನ್ನೂ ಸರಿಯಾಗಿಲ್ಲ. ಕಾನೂನು ತನ್ನ ಪಟ್ಟಿಯನ್ನು ಹರಿದುಹಾಕಿತು. ನ್ಯಾಯಾಲಯವು ಉಳಿದ ಚೂರುಗಳನ್ನು ಹೆಕ್ಕಿ ತೆಗೆಯುತ್ತಿರುವದು. ಸರಕಾರವು ತಡವಾಗಿಯಾದರೂ ಊರುಗಳ ಪಟ್ಟಿಯಲ್ಲಿ ಇವರ ತಾಂಡಾಗಳನ್ನು ಬರೆಯತೊಡಗಿತು. ಆದರೆ ಸರಕಾರವಾಗಲಿ ನ್ಯಾಯಾಲಯವಾಗಲಿ ಒಳಗೆ ಬರಲಾರದ ಒಂದು ಪಟ್ಟಿಯು ನಮ್ಮ ನಮ್ಮ ಮನೆಗಳಲ್ಲಿ ಇರುವದು. ಮನೆಯಲ್ಲಿ ಒಂದು ತಂಬಿಗೆ ಕಾಣದಾದರೆ, ಹೊಲದಲ್ಲಿ ಒಂದು ಹಗ್ಗವು ಕಾಣದಾದರೆ, ಮೊದಲು ಯಾರ ಹೆಸರು ನಮ್ಮ ಬಾಯಿಗೆ ಬರುವದು? ಅಂಗಳದಲ್ಲಿ ಆಡುವ ಮಕ್ಕಳನ್ನು ಹೆದರಿಸಲು ಯಾರನ್ನು ಕರೆಯುವೆವು? ಬಾಡಿಗೆಗೆ ಮನೆ ಕೇಳಿ ಬಂದ ನೌಕರನ ಅಡ್ಡಹೆಸರನ್ನು ಕೇಳಿದ ಮೇಲೆ ಮನೆ ಖಾಲಿಯಿಲ್ಲವೆಂದು ಎಷ್ಟು ಜನ ಹೇಳುವೆವು? ೧೮೭೧ರ ಕಾಯಿದೆಯನ್ನು ಓದದ ಮಕ್ಕಳಿಗೂ ಅದರ ಸಾರವು ಗೊತ್ತಿರುವದು. ಏಕೆಂದರೆ ಅದನ್ನು ಅವರು ನಮ್ಮ ಮಾತಿನಿಂದ ಕಲಿತಿರುವರು.

ಪಾಠಶಾಲೆಯಲ್ಲಿ ನಮ್ಮ ಗುರುಗಳು ಶಬ್ದಶುದ್ಧಿಗೆ ಬಹಳ ಮಹತ್ತ್ವವನ್ನು ಕೊಡುತ್ತಿದ್ದರು. ಅಶುದ್ಧವಾದ ಶಬ್ದವನ್ನು ಮಕ್ಕಳು ಕಲಿತ ಬಳಿಕ ತಿದ್ದುವದಕ್ಕಿಂತ ಅವರ ಮುಂದೆ ಅದನ್ನು ಆಡದಿರುವದೇ ಸುಲಭವೆಂದು ಅವರ ಮತ. ಈ ವಿಷಯಕ್ಕೂ ಆ ಮಾತು ಒಪ್ಪುವದು. ಸುಶಿಕ್ಷಿತರಾದ ಗೃಹಸ್ಥರೂ ಗೃಹಿಣಿಯರೂ ತಮ್ಮ ಮನೆಯ ಮಾತಿನೊಳಗಿಂದ ಅಂಥ ಬಯ್ಗುಳಗಳನ್ನೂ ಹೋಲಿಕೆಗಳನ್ನೂ ತೆಗೆದುಹಾಕಿದರೆ ಅದಕ್ಕೆ ಯಾವ ಶಾಸನಸಭೆಯೂ ಕೂಡಬೇಕಾಗಿಲ್ಲ, ಯಾವ ಖರ್ಚೂ ಇಲ್ಲ. ಶಾಲೆಯಲ್ಲಿರುವ ಉಪಾಧ್ಯಾಯರು ಸುಗ್ಗಿ ಮುಗಿಸಿ ತಿರುಗಿ ಬಂದ ತಾಂಡಾದ ಮಗುವನ್ನು ಹೆಸರು ಹಿಡಿದು ಕರೆದು ಮುಂದಿನ ಸಾಲಿನಲ್ಲಿ ಕೂಡಿಸಿದರೆ, ಅದರ ಮನೆಯವರಿಗೆ ಹಕ್ಕುಪತ್ರದಷ್ಟೇ ಬೆಲೆಯ ಕೆಲಸವಾದೀತು. ಬರುವ ಆಗಸ್ಟ ೩೧ರಂದು ನಮ್ಮ ತಾಲೂಕಿನ ಶಾಲೆಗಳಲ್ಲಿ ಐದು ನಿಮಿಷ ಈ ಇತಿಹಾಸವನ್ನು ಮಕ್ಕಳಿಗೆ ಹೇಳುವಂತಾಗಲಿ. ಹೇಳುವವರು ಬೇಕಾದರೆ ತಾಂಡಾದಲ್ಲಿಯೇ ಮುದುಕರಿರುವರು. ಅವರನ್ನು ಕರೆಯಿಸಿ, ಕುರ್ಚಿ ಹಾಕಿ ಕೂಡಿಸಿ, ಅವರ ಬಾಯಿಂದಲೇ ಕೇಳುವದು ಉತ್ತಮ.